ಮೂರು ಸಂಸ್ಥಾನ, ಒಂದು ಮೂಗು

ಢಡಕ್. ಸರ್ರ್. ಢಡಕ್.

ಸದ್ದು ನೆಲದೊಳಗಿಂದ ಬರುತ್ತಿತ್ತು. ರಬಕವಿಯ ನೇಕಾರರು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದರು. ಮಗ್ಗದ ಅರ್ಧ ಮೈ ನೆಲದ ಮೇಲೆ, ಅರ್ಧ ನೆಲದ ಕೆಳಗೆ. ಚಾಪೆಯ ಮೇಲೆ ಮಲಗಿದವರಿಗೆ ಆ ಸದ್ದು ಮೊದಲು ಬೆನ್ನಿಗೆ ಕೇಳುತ್ತದೆ, ಆಮೇಲೆ ಕಿವಿಗೆ. ಮೊದಲ ಬೆಳಿಗ್ಗೆ ನಾನು ಭೂಕಂಪವೆಂದು ಎದ್ದು ಕೂತೆ. ಭೂಕಂಪವಾದರೆ ಬೆಂಚಿನ ಕೆಳಗೆ ತೂರಿಕೊಳ್ಳಬೇಕೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಅಜ್ಜಿಯ, ನಮ್ಮ ಮಾತಿನಲ್ಲಿ ಆಯಿಯ, ಮನೆಯಲ್ಲಿ ಬೆಂಚೇ ಇರಲಿಲ್ಲ. ಹಿಟ್ಟಿನ ಡಬ್ಬಿಯನ್ನು ತಬ್ಬಿಕೊಂಡು ಕೂತಿದ್ದ ನನ್ನನ್ನು ಆಯಿ ನೋಡಿ, "ಹಿಟ್ಟೆಲ್ಲಿಗೂ ಓಡಿಹೋಗೂದಿಲ್ಲವ್ವ, ಬಿಡು," ಅಂದಿದ್ದಳು.

ಈಗ ಯಾಕೆ ಇದೆಲ್ಲ ನೆನಪಾಯಿತೆಂದರೆ, ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಬ್ಬಳು ಹುಡುಗಿ ಮೈಕ್ ಹಿಡಿದು ಎಲ್ಲರಿಗೂ ಉಸಿರಾಡುವುದನ್ನು ಕಲಿಸುತ್ತಿದ್ದಾಳೆ. ಇನ್‌ಹೇಲ್, ಹೋಲ್ಡ್, ಲೆಟ್ ಗೋ. ಮನಸ್ಸಿನ ಗಾಯಗಳೆಲ್ಲ ವಾಸಿಯಾಗುತ್ತವಂತೆ. ಬಹಳ ಸ್ವೀಟ್ ಹುಡುಗಿ. "ಆಂಟಿ, ನೀವು ಇದಕ್ಕೆ ಮೊದಲು ಬ್ರೀದಿಂಗ್ ಮಾಡಿದ್ದೀರಾ?" ಎಂದು ಕೇಳಿದಳು. "ಎಂಬತ್ತು ವರ್ಷ ದಾಟಿತು, ಡಿಯರ್, ಮಾಡುತ್ತಲೇ ಇದ್ದೇನೆ. ನಡುವೆ ಆರು ತಿಂಗಳು ಮಾತ್ರ ಬಿಟ್ಟಿದ್ದೆ," ಅಂದೆ.

ಬಿಟ್ಟದ್ದು ಹೇಗೆ, ಮತ್ತೆ ಸಿಕ್ಕಿದ್ದೆಲ್ಲಿ ಎಂಬುದೇ ನನ್ನ ಫಾರಿನ್ ಟ್ರಿಪ್ಪಿನ ಕಥೆ. ಲಂಡನ್ನಿಗಾಗಲಿ ಸಿಂಗಪುರಕ್ಕಾಗಲಿ ನಾನು ಹೋದವಳಲ್ಲ. ಆದರೆ ಹದಿನೇಳನೆಯ ವಯಸ್ಸಿಗೆ ಒಂದೇ ಹಗಲಿನಲ್ಲಿ ಮೂರು ರಾಜ್ಯಗಳ ನೆಲ ಮೆಟ್ಟಿದ್ದೇನೆ. ಒಂದೊಂದು ಗಡಿಯಲ್ಲೂ ನನ್ನ ಟ್ರಂಕು ಬಿಚ್ಚಿಸಿ ನೋಡಿದ್ದಾರೆ. ಇಷ್ಟರಮೇಲೆ ಫಾರಿನ್ ಅಂದರೆ ಇನ್ನೇನು?

ಬೆಳಗಾವಿ

ನಮ್ಮದು ಬ್ರಿಟಿಷ್ ಊರು. ಅಪ್ಪ ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್. ನಾನು ಕಾನ್ವೆಂಟಿನ ಕಮಲಾ. ಮದರ್ ಅಗಾಥಾ ಅವರ ಬಾಯಲ್ಲಿ ಕ್ಯಾಮಿಲ್ಲಾ. ಅವ್ವ ಮಾತ್ರ ರಬಕವಿಯ ನೇಕಾರರ ಮಗಳು, ಕೊನೆಯವರೆಗೂ ನನ್ನನ್ನು ಕಮಲಿ ಅಂದಳು.

ಯುದ್ಧದ ಕಾಲ. ಅವ್ವ ವಿಷಮಜ್ವರದಲ್ಲಿ ತೀರಿಕೊಂಡಳು. ರಬಕವಿಯಲ್ಲಿದ್ದ ಅವಳ ತಾಯಿ, ಅಂದರೆ ನನ್ನ ಆಯಿ ನೀಲವ್ವನಿಗೆ ಅಪ್ಪ ತಂತಿ ಕೊಟ್ಟಿದ್ದರು. ಆಯಿ ಬಂದದ್ದು ಎಲ್ಲ ಮುಗಿದ ಮರುದಿನ. ಯಾಕೆ ತಡ ಮಾಡಿದಳೆಂದು ನಾನು ಕೇಳಲಿಲ್ಲ. ಅಳಲೂ ಇಲ್ಲ. "ಬ್ರೇವ್ ಗರ್ಲ್," ಎಂದು ಮದರ್ ನನ್ನ ಕೆನ್ನೆ ತಟ್ಟಿದರು.

ಆ ಬ್ರೇವ್ ಗರ್ಲ್‌ಗೆ ವಾರದೊಳಗೆ ವಿಚಿತ್ರ ರೋಗ ಹಿಡಿಯಿತು. ನಾಲ್ಕು ಮಾತಾಡುವಷ್ಟರಲ್ಲಿ ಉಸಿರು ನಡುವೆಯೇ ನಿಲ್ಲುತ್ತಿತ್ತು. ಯಾರೋ ಒಳಗಿನಿಂದ ಅಗುಳಿ ಹಾಕಿಕೊಂಡ ಹಾಗೆ. ಸಿವಿಲ್ ಡಾಕ್ಟರು ಎದೆಯ ಮೇಲೆ ಕೊಳವೆ ಇಟ್ಟು "ನರ್ವ್ಸ್" ಅಂದರು. ದೊಡ್ಡವರ ಮನೆಯ ಹೆಣ್ಣುಮಕ್ಕಳಿಗೆ ಮಾತ್ರ ಬರುವ ರೋಗವೆಂದು ನಾನು ತಿಳಿದಿದ್ದರಿಂದ ಒಂದು ದಿನ ಕೊಂಚ ಜಂಬಪಟ್ಟೆ. ಎರಡನೆಯ ದಿನ ಮದರ್ ಕರೆದು ಹೇಳಿದರು: "ಜೂನ್‌ನಲ್ಲಿ ಇನ್‌ಸ್ಪೆಕ್ಟ್ರೆಸ್ ಬರುತ್ತಾರೆ. ಅವರ ಮುಂದೆ ಒಂದು ಪುಟ, ಜಸ್ಟ್ ಒನ್ ಪೇಜ್, ನಿಲ್ಲದೆ ಗಟ್ಟಿಯಾಗಿ ಓದು. ಪ್ಯೂಪಿಲ್ ಟೀಚರ್ ಆಗಿ ತೆಗೆದುಕೊಳ್ಳುತ್ತೇವೆ."

ಓದದಿದ್ದರೆ ಏನೆಂಬುದು ಅಪ್ಪನ ಕೋಟಿನ ಜೇಬಿನಲ್ಲಿತ್ತು. ಬೀಳಗಿಯ ಕಚೇರಿಯಲ್ಲಿ ಕಾರಕೂನನಾಗಿದ್ದ ಒಬ್ಬ ವರನ ಫೋಟೋ. ಮೀಸೆ ಛಲೋ ಇತ್ತು. ಅದರ ಹಿಂದಿನ ಮನುಷ್ಯನನ್ನು ನಾನು ಸರಿಯಾಗಿ ಗಮನಿಸಲಿಲ್ಲ. ನನಗೆ ಸೀಮೆಸುಣ್ಣ ಬೇಕಿತ್ತು, ಕರಿಹಲಗೆ ಬೇಕಿತ್ತು, ನಲವತ್ತು ಹುಡುಗಿಯರು ಒಟ್ಟಿಗೆ ಎದ್ದು "ಗುಡ್ ಮಾರ್ನಿಂಗ್, ಮಿಸ್" ಅನ್ನಬೇಕಿತ್ತು. ಅದೆಲ್ಲ ಒಂದು ಪುಟದ ಆಚೆ ಇತ್ತು, ನಾನು ಮೂರನೆಯ ಸಾಲಿನಲ್ಲೇ ನಿಲ್ಲುತ್ತಿದ್ದೆ.

ಅಷ್ಟರಲ್ಲಿ ಆಯಿಯಿಂದ ಕಾಗದ ಬಂತು. ಯಾರ ಕೈಲೋ ಬರೆಸಿದ್ದಳು. "ಹುಡುಗೀನ ರಜಾದಾಗ ಕಳಸ್ರಿ. ಉಸರಿಂದು ನಮ್ಮ ಕಡೆ ಗೊತ್ತಿರೂ ಮಾತು ಐತಿ." ಅಪ್ಪ ಇಂಥದ್ದನ್ನೆಲ್ಲ ನಂಬುವವರಲ್ಲ. ಆದರೆ ಡಾಕ್ಟರರ ಬಾಟಲಿಗಳು ಮೂರು ಖಾಲಿಯಾಗಿದ್ದವು.

ಲೋಕಾಪುರ

ಪೆಟ್ರೋಲ್ ಸಿಗದ ಆ ದಿನಗಳಲ್ಲಿ ಬಸ್ಸುಗಳು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದವು. ಹಿಂದೆ ಒಂದು ದೊಡ್ಡ ಒಲೆ; ಕ್ಲೀನರ್ ಅದರ ಗಾಳಿಚಕ್ರವನ್ನು ಗರಗರ ತಿರುಗಿಸಬೇಕು, ಆಮೇಲೆ ಎಂಜಿನ್ನಿಗೆ ಜೀವ ಬರಬೇಕು. ಚಿಕ್ಕ ದಿಬ್ಬ ಬಂದರೂ ಬಸ್ಸು ಕೆಮ್ಮಿ, ಉಬ್ಬಸಪಟ್ಟು, ನಿಂತೇಬಿಡುತ್ತಿತ್ತು.

"ಇಳೀರಿ ಎಲ್ಲಾರೂ. ಬಸ್ಸಿಗೆ ದಮ್ಮು ಹತ್ತೈತಿ," ಎನ್ನುತ್ತಿದ್ದ ಡ್ರೈವರ್ ಹುಸೇನಸಾಬ.

ಆರು ತಿಂಗಳಲ್ಲಿ ನನ್ನ ಕಷ್ಟವನ್ನು ಅರ್ಥಮಾಡಿಕೊಂಡ ಮೊದಲ ಜೀವಿ ಆ ಬಸ್ಸು.

ಲೋಕಾಪುರದ ಹತ್ತಿರ ಮುಧೋಳ ಸಂಸ್ಥಾನದ ನಾಕಾ. ಅಡ್ಡಗಂಬ, ಒಂದು ಗುಡಿಸಲು, ಒಬ್ಬ ಪೇಟದ ಸಿಪಾಯಿ. ಅವನು ನನ್ನ ಟ್ರಂಕು ಬಿಚ್ಚಿ, ಇಂಗ್ಲಿಷ್ ರೀಡರನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ನಾಲ್ಕು ಹಾಳೆ ನೋಡಿ, "ಛಲೋ ಐತಿ" ಎಂದು ವಾಪಸು ಕೊಟ್ಟ. ಬಸ್ಸಿಗೆ ಇದ್ದಿಲು ತುಂಬಿತು, ಚಕ್ರ ತಿರುಗಿತು, ಎಲ್ಲರೂ ಹತ್ತಿ ಕೂತೆವು. ಹುಸೇನಸಾಬ ಮಾತ್ರ ಹತ್ತಲಿಲ್ಲ. ಕೊರಳಿನ ವಸ್ತ್ರದಿಂದ ಒಂದು ನೂಲೆಳೆ ಕಿತ್ತು ಮೂಗಿನ ಕೆಳಗೆ ಹಿಡಿದು ನಿಂತ. ಮುಖ ಸಪ್ಪಗಾಯಿತು. ಸೀದಾ ಮುಂದಿನ ಸೀಟಿಗೆ ಬಂದು ಎಡಮಗ್ಗುಲಾಗಿ ಮಲಗಿಬಿಟ್ಟ.

ನನಗೆ ಗಾಬರಿ. ಪಕ್ಕದಲ್ಲಿದ್ದ ಬೆಲ್ಲದ ವ್ಯಾಪಾರಿ ಸಮಾಧಾನ ಹೇಳಿದರು. "ಏನಿಲ್ಲವ್ವ, ಸ್ವರಾ ನೋಡಾಕತ್ತಾನ. ಬಲದ ಮೂಗು ಸೂರ್ಯ, ಎಡದ್ದು ಚಂದ್ರ. ತಾಸಿಗೊಮ್ಮೆ ಪಾಳಿ ಬದಲಾಕ್ಕಾವು. ದೂರ ಹೊಂಟಾಗ ಸೂರ್ಯ ನಡದಿರಬೇಕು. ಎಡಮಗ್ಗಲಾ ಮಲಗಿದ್ರ ಬಲದ ಮೂಗು ತೆರೀತೈತಿ."

ಕಾಲು ತಾಸು ಕಳೆಯಿತು. ಹಿಂದಿನಿಂದ ಯಾರೋ ಕೂಗಿದರು. "ಹುಸೇನಸಾಬ್, ನಿನ್ನ ಮೂಗಿಂದು ಆತೇನೋ?"

"ಬಸ್ಸು ಗಡಿ ದಾಟೇತ್ರಿ, ಮೂಗು ಇನ್ನೂ ದಾಟಿಲ್ಲ," ಎಂದ ಮಲಗಿದಲ್ಲಿಂದಲೇ.

"ನೀ ಮುಸಲರಾಂವ, ನಿನಗ್ಯಾಕೋ ನಮ್ಮ ಸ್ವರಾ?"

"ಮೂಗಿಗೇನ್ರೀ ಜಾತಿ? ನಮ್ಮ ಪೀರಸಾಹೇಬ್ರೂ ದಮ್ ನೋಡ್ರಿ ಅಂತಿದ್ರು. ಬಲದ ಸ್ವರಾ ಇಲ್ದ ಹೊಂಟ್ರ ಟೈರ್ ಪಂಚರ್ ಆಕ್ಕೈತಿ."

ಕೊನೆಗೆ ಅವನ ಮೂಗಿನಲ್ಲಿ ಸೂರ್ಯೋದಯವಾಯಿತು. ಕೆಳಗಿಳಿದು ಬಲಗಾಲು ಮುಂದಿಟ್ಟು ಮತ್ತೆ ಹತ್ತಿದ, ಬಸ್ಸು ಹೊರಟಿತು. ಮುಧೋಳಕ್ಕೆ ಇನ್ನೂ ಎರಡು ಮೈಲಿ ಇರುವಾಗ ಟೈರ್ ಪಂಚರ್ ಆಯಿತು. ನಾನು ತುಂಬ ಪೊಲೈಟಾಗಿ ಹುಸೇನಸಾಬನ ಮುಖ ನೋಡಿದೆ. ಅವನಿಗೆ ಕೊಂಚವೂ ನಾಚಿಕೆಯಿರಲಿಲ್ಲ.

"ಎಡದ ಗಾಲಿ ಹೋಗೇತಿ ನೋಡ್ರಿ ಅಕ್ಕಾರ. ಬಲದ ಸ್ವರಾ ಬಲದ ಗಾಲಿ ಕಾದೈತಿ!"

ಮುಧೋಳ

ಮುಧೋಳದ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚಿಲ್ಲ, ಯಾಕೆಂದರೆ ಅಲ್ಲಿದ್ದಷ್ಟು ಹೊತ್ತೂ ನಾನು ಒಂದು ನಾಯಿಯ ಜೊತೆ ಜಗಳವಾಡುತ್ತಿದ್ದೆ. ಆ ಊರಿನ ಬೇಟೆನಾಯಿಗಳ ಹೆಸರು ಕೇಳಿದ್ದೆ. ನೋಡಿದರೆ ಹೊಟ್ಟೆಯೇ ಇಲ್ಲದ, ಉದ್ದ ಮೂತಿಯ, ನಮ್ಮ ಕಾನ್ವೆಂಟಿನ ಸಿಸ್ಟರುಗಳ ಹಾಗೆ ಸೆಟೆದು ನಿಂತ ಪ್ರಾಣಿ. ಬಸ್ಸಿನ ನೆರಳಲ್ಲಿ ಕೂತು ಮದರ್ ಕಟ್ಟಿಕೊಟ್ಟಿದ್ದ ಕೇಕು ಬಿಚ್ಚಿದೆ. "ಎಕ್ಸ್‌ಕ್ಯೂಸ್ ಮಿ" ಎಂಬ ಶಿಷ್ಟಾಚಾರವೂ ಇಲ್ಲದೆ ಅದು ಪೊಟ್ಟಣ ಸಮೇತ ಎತ್ತಿಕೊಂಡು ಹೋಯಿತು. ಒಡೆಯ ಓಡಿಬಂದ.

"ತಪ್ಪಾತ್ರಿ. ಅದು ಮೊಲಾ ಅನಕೊಂಡಿರಬೇಕು."

"ಕೇಕು ಮೊಲದ ಹಾಗೆ..." ಎಂದು ಶುರುಮಾಡಿದೆ. ಉಸಿರು ನಿಂತಿತು. ಬಾಯಿ ತೆರೆದುಕೊಂಡೇ ಇದ್ದೆ. ಅವನು ಪಾಪ, ನನಗೆ ಸಿಟ್ಟು ನೆತ್ತಿಗೇರಿದೆ ಎಂದು ತಿಳಿದು ಎರಡು ಕೈ ಜೋಡಿಸಿದ. ರೋಗದಿಂದಲೂ ಕೆಲವೊಮ್ಮೆ ಮರ್ಯಾದೆ ಸಿಗುತ್ತದೆ.

ರಬಕವಿ

ರಬಕವಿ ಸಾಂಗಲಿ ಸಂಸ್ಥಾನದ್ದು. ಕೂಗಿದರೆ ಕೇಳಿಸುವಷ್ಟು ಹತ್ತಿರದ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಎರಡೂ ಊರಿನ ಮಗ್ಗಗಳ ಸದ್ದು ಒಂದೇ, ರಾಜರು ಬೇರೆ. ಆಯಿ ದಿನಾ ಹೊರದೇಶಕ್ಕೆ ಹೋಗಿ ಕೊತ್ತಂಬರಿ ತರುತ್ತಿದ್ದಳು.

ಬಾಗಿಲಲ್ಲಿ ಕಾಯುತ್ತಿದ್ದಳು. ಗಿಡ್ಡ ಆಳು, ಹಣೆಯ ತುಂಬ ವಿಭೂತಿ, ಗಂಡ ಸತ್ತ ಮೇಲೆ ಅವನ ಮಗ್ಗಕ್ಕೆ ತಾನೇ ಇಳಿದು ನೇಯುತ್ತಿದ್ದ ಗಟ್ಟಿ ಕಾಲಿನ ಹೆಂಗಸು. ನಾನು ಹೊಸ್ತಿಲಿಗೆ ಬಂದದ್ದೇ, "ತಡಿ ತಡಿ" ಎಂದು ಸೆರಗಿನಿಂದ ಒಂದು ಹತ್ತಿಯ ಎಳೆ ತೆಗೆದು ನನ್ನ ಮೂಗಿನ ಕೆಳಗೆ ತಂದಳು. ಯಾವ ಸ್ವರ ನಡೆದಿದೆಯೋ ಆ ಕಾಲು ಮೊದಲು ಒಳಗಿಡಬೇಕು. ಅಲ್ಲಿಯ ಪದ್ಧತಿ.

ನಾನು ಅವಳ ಕೈಯನ್ನು ಫಟ್ಟನೆ ಹೊಡೆದುಬಿಟ್ಟೆ.

ಹಿರಿಯರ ಮೇಲೆ ಕೈಮಾಡಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಓಣಿಯ ಹೆಂಗಸರು "ಅಯ್ಯ" ಎಂದರು. ಆಯಿ ನನ್ನ ಮುಖವನ್ನೇ ನೋಡಿದಳು. ಎಳೆಯನ್ನು ಬಾಗಿಲ ಚೌಕಟ್ಟಿನ ಮೊಳೆಗೆ ಸುತ್ತಿದಳು. "ಆತವ್ವ. ಯಾವ ಕಾಲಾದ್ರೂ ಇಟ್ಟು ಬಾ. ಮನಿ ನನ್ನದು, ಕಾಲು ನಿನ್ನವು." ಅಷ್ಟೇ. ಯಾಕೆಂದು ಅವಳು ಕೇಳಲಿಲ್ಲ. ಕೇಳಿದ್ದರೂ ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಮರುದಿನದಿಂದ ಚಿಕಿತ್ಸೆ ಶುರುವಾಗುತ್ತದೆಂದು ಕಾದೆ. ಕಷಾಯ, ತಾಯತ, ಏನೋ ಒಂದು. ಆಯಿ ನನಗೊಂದು ರಾಟಿ ಕೊಟ್ಟು ಮಗ್ಗದ ಪಕ್ಕ ಕೂರಿಸಿದಳು. ಲಾಳಿಯೊಳಗಿಡುವ ಪುಟ್ಟ ಕಂಡಿಕೆಗಳಿಗೆ ನೂಲು ಸುತ್ತುವ ಕೆಲಸ.

"ಆಯಿ, ನನ್ನ ಉಸಿರು?"

"ಅದಕ್ಕೇನಾಗೇತಿ? ಅದರ ಪಾಡಿಗೆ ಅದು ಐತಿ. ನೀ ಸುತ್ತು. ದೊಡ್ಡ ಸದ್ದು ಬಂದಾಗ ಬಿಡು, ಸಣ್ಣ ಸದ್ದು ಬಂದಾಗ ತಗೋ."

ಢಡಕ್, ಬಿಡು. ಸರ್ರ್, ತಗೋ. ನಾನು ಡ್ರಿಲ್ ಟೀಚರ್ ಹೇಳಿಕೊಟ್ಟ ಹಾಗೆ ಚಿನ್ ಅಪ್, ಶೋಲ್ಡರ್ಸ್ ಬ್ಯಾಕ್ ಮಾಡಿ, ಎದೆಯುಬ್ಬಿಸಿ ದೊಡ್ಡ ಉಸಿರೆಳೆದೆ. ಆಯಿ ಮಗ್ಗ ನಿಲ್ಲಿಸಿ ನಕ್ಕಳು. "ಯಾರ ಜೋಡಿ ಕುಸ್ತಿಗೆ ಹೊಂಟೀ? ಉಸರಿಗೆ ಹಾದಿ ತೋರಸಬ್ಯಾಡ, ಅದಕ್ಕ ಗೊತ್ತೈತಿ. ನೀ ಬಾಗಲದಾಗಿಂದ ಒಂಚೂರು ಸರದು ಕುಂದ್ರು, ಸಾಕು."

ಆ ವಾರದಲ್ಲೇ ನೂಲಿನ ದಲ್ಲಾಳಿ ಬಸಪ್ಪ ಬಂದ. ಬಿಸಿಲಿಗೆ ಮುಖ ಬಾಡಿತ್ತು. ಎರಡು ಮಾತಾಡಿ ಎದ್ದ. ಆಯಿ ಎಳೆ ತೆಗೆದು ಅವನ ಮೂಗಿಗೆ ಹಿಡಿದಳು. "ಸ್ವರಾ ಸರಿ ಇಲ್ಲಪಾ. ಕುಂದ್ರು." ಕೂತ. ಕೂತವನ ಮುಂದೆ ಎರಡು ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ಬಂದವು. ತಟ್ಟೆ ಖಾಲಿಯಾದ ಮೇಲೆ ಆಯಿ ಮತ್ತೆ ಎಳೆ ಹಿಡಿದು, "ಈಗ ಛಲೋ ನಡದೈತಿ, ಹೋಗಿ ಬಾ" ಅಂದಳು. ಮೂಗಿಗೂ ರೊಟ್ಟಿಗೂ ಇರುವ ಈ ಸಂಬಂಧವನ್ನು ನಾನು ವಿಜ್ಞಾನವೆಂದೇ ನಂಬಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ತೇರದಾಳ

ನೇಯ್ದ ಸೀರೆಗಳನ್ನು ಕೊಡಲು ಆಯಿಯ ಜೊತೆ ಎತ್ತಿನ ಚಕ್ಕಡಿಯಲ್ಲಿ ತೇರದಾಳಕ್ಕೆ ಹೋದೆ. ಅಲ್ಲಿಯ ಜೈನರ ಮನೆಯ ಪದ್ಮಾಕಾಕು ಆಯಿಯ ಹಳೆಯ ಗೆಳತಿ. ನಾವು ಹೋದಾಗ ಆಕೆ ಪಡಸಾಲೆಯಲ್ಲಿ ಕೈಗಳನ್ನು ಇಳಿಬಿಟ್ಟು, ಕಣ್ಣು ಅರೆಮುಚ್ಚಿ ಕಂಬದ ಹಾಗೆ ನಿಂತಿದ್ದರು. ನೊಣ ಮೂಗಿನ ಮೇಲೆ ಕೂತು, ಬೇಸರವಾಗಿ, ಹಾರಿಹೋಯಿತು.

"ಇಪ್ಪತ್ತೇಳು ಉಸರು," ಎಂದಳು ಆಯಿ ಪಿಸುದನಿಯಲ್ಲಿ. "ಮಂತ್ರಾ ಒಂಬತ್ತು ಸಲ, ಒಂದೊಂದಕ್ಕ ಮೂರು ಉಸರು. ಮೈ ತನ್ನದಲ್ಲ ಅನ್ನೂ ಹಂಗ ನಿಂತಿರತಾರ. ಅಲ್ಲೀತನಾ ದೇವರು ಬಂದ್ರೂ ಚಾ ಸಿಗೂದಿಲ್ಲ."

ಇಪ್ಪತ್ತೇಳು ಮುಗಿದದ್ದೇ ಪದ್ಮಾಕಾಕು ಕಣ್ಣು ತೆರೆದರು. "ಕೇಳಸ್ತು ನೀಲವ್ವ, ನೀ ಅಂದದ್ದು."

"ಮೈ ಬಿಟ್ಟು ನಿಂತಾಕಿಗಿ ಕಿವಿ ಮಾತ್ರ ಹೆಂಗ ಉಳೀತ?"

"ನಿನ್ನ ಬಾಯಿ ಇಲ್ಲಿತನಕಾ ಬರತೈತಿ, ನನ್ನ ಕಿವಿ ಎಲ್ಲಿಗೆ ಹೋಗಲಿ?"

ಪದ್ಮಾಕಾಕು ನನಗೂ ನಿಂತು ನೋಡೆಂದರು. ನಿಂತೆ. ಎಣಿಸಿದೆ. ಹದಿನಾಲ್ಕಕ್ಕೆ ಅಗುಳಿ ಬಿತ್ತು. ಪದ್ಮಾಕಾಕು ನನ್ನ ಬೆನ್ನ ಮೇಲೆ ಕೈ ಇಟ್ಟು ಮೆಲ್ಲಗೆ, "ಹದಿನಾಲ್ಕರಾಗ ಯಾರ ನಿಂತಾರವ್ವ ಅಲ್ಲಿ?" ಎಂದರು. ಆಯಿ ಸೀರೆಯ ಗಂಟು ಬಿಚ್ಚುವುದರಲ್ಲಿ ತೊಡಗಿದ್ದಳು. ಬಹಳ ಹೊತ್ತು ಆ ಗಂಟು ಬಿಚ್ಚಲೇ ಇಲ್ಲ.

ಮತ್ತೆ ರಬಕವಿ

ಇನ್‌ಸ್ಪೆಕ್ಟ್ರೆಸ್ ಬರಲು ಹತ್ತು ದಿನ ಉಳಿದಿತ್ತು. ಒಂದು ಮಧ್ಯಾಹ್ನ ರೀಡರ್ ತೆಗೆದು ಮಗ್ಗದ ಮುಂದೆ ನಿಂತು ಗಟ್ಟಿಯಾಗಿ ಓದತೊಡಗಿದೆ. ಒಂದನೆಯ ಸಾಲು ಆಯಿತು. ಎರಡಾಯಿತು. ಮೂರರ ನಡುವೆ ನಿಂತಿತು. ಮತ್ತೆ ಮೊದಲಿನಿಂದ. ಮತ್ತೆ ಮೂರರ ನಡುವೆ. ಐದನೆಯ ಸಲ ಪುಸ್ತಕವನ್ನು ಬೀಸಿ ಒಗೆದೆ. ಅದು ನೇರ ಮಗ್ಗಕ್ಕೆ ಬಿಗಿದಿದ್ದ ಹಾಸುನೂಲಿನ ಮೇಲೆ ಬಿತ್ತು. ಹತ್ತು ಹನ್ನೆರಡು ಎಳೆಗಳು ಪಟಪಟ ಹರಿದವು.

ಮಗ್ಗ ನಿಂತಿತು. ಯುದ್ಧದ ಕಾಲದಲ್ಲಿ ನೂಲೆಂದರೆ ಬಂಗಾರ. ಆಯಿ ಬಯ್ಯಲಿಲ್ಲ. ಬಾಗಿ, ಹರಿದ ಎಳೆಯ ಎರಡೂ ತುದಿ ಹುಡುಕಿ, ಬೆರಳಿಗೆ ಎಂಜಲು ಹಚ್ಚಿ ಹೊಸೆಯತೊಡಗಿದಳು. ಒಂದು. ಎರಡು. ಮೂರು. ಅವಳ ಆ ತಾಳ್ಮೆ ನನಗೆ ತಡೆಯಲಾಗಲಿಲ್ಲ.

"ನೀ ಯಾಕ ಬರಲಿಲ್ಲ?" ಎಂದು ಚೀರಿದೆ. ಕಾನ್ವೆಂಟಿನ ಭಾಷೆಯೆಲ್ಲ ಉದುರಿ ಅವ್ವನ ಭಾಷೆ ಬಂದಿತ್ತು. "ತಂತಿ ಕೊಟ್ಟಿದ್ವಿ. ಅಕಿ ನಿನ್ನ ಕೇಳಾಕತ್ತಿದ್ಳು. ಯಾಕ ಬರಲಿಲ್ಲ?"

ಆಯಿಯ ಬೆರಳು ಎಳೆಯ ಮೇಲೆಯೇ ನಿಂತಿತು.

"ತಂತಿ ಬಂತು. ಗಂಟು ಕಟ್ಟಿದೆ. ಬಸ್ಸು ನಿಂತಿತ್ತು," ಎಂದಳು. "ಹೊಸ್ತಲದಾಗ ಸ್ವರಾ ನೋಡಿದೆ. ಅತ್ತು ಅತ್ತು ಎರಡೂ ಮೂಗು ಕಟ್ಟಿದ್ವು. ಎಳಿ ಆಡವಲ್ದು. ಮಗಳು ಜಡ್ಡಾಗ್ಯಾಳ, ಕೆಟ್ಟ ಸ್ವರದಾಗ ಹೊಂಟ್ರ ಕೆಟ್ಟದ್ದಾದೀತು ಅಂತ ಎಡಮಗ್ಗಲಾ ಮಲಗಿದೆ. ಬಲಮಗ್ಗಲಾ ಮಲಗಿದೆ. ಒಂದು ತಾಸು. ಬಸ್ಸು ಹೋತು. ಮುಂದಿನ ಬಸ್ಸು ಮರುದಿನ."

ಹೊರಗೆ ಬನಹಟ್ಟಿಯ ಕಡೆಯ ಮಗ್ಗಗಳ ಸದ್ದು ಕೇಳುತ್ತಿತ್ತು.

"ಅವತ್ತಿನಿಂದ ನಾ ಹೋಗಾಕ ಸ್ವರಾ ನೋಡೂದ ಬಿಟ್ಟೆ. ಉಸರು ಇರೂದು ನೋಡಕೋಳಾಕ, ಕಮಲಿ. ಅದಕ್ಕ ಕಾಯಕೋತ ಕುಂದ್ರಾಕಲ್ಲ. ಅದು ನನಗ ತಿಳಿಯೂದು ತಡಾ ಆತು."

ಆಗ ನಾನು ಹೇಳಿದೆ. ಯಾರಿಗೂ ಹೇಳದಿದ್ದದ್ದನ್ನು ತುಂಡು ತುಂಡಾಗಿ ಹೇಳಿದೆ. ಅವ್ವ ಸುಮ್ಮನಾದಾಗ ಪಕ್ಕದ ಮನೆಯವರು ಒಂದು ಹತ್ತಿಯ ಎಳೆ ತಂದು ಅವಳ ಮೂಗಿನ ಕೆಳಗೆ ಹಿಡಿದರು. ನಾನು ಕಾಲ ಬಳಿ ನಿಂತು ಅದನ್ನೇ ನೋಡುತ್ತಿದ್ದೆ. ಎಳೆ ಆಡಿದರೆ ಉಸಿರು ಬಿಡೋಣವೆಂದು ನನ್ನ ಉಸಿರನ್ನು ಬಿಗಿಹಿಡಿದುಕೊಂಡೆ. ಎಳೆ ಆಡಲಿಲ್ಲ.

"ಆಡಲಿಲ್ಲ, ಆಯಿ."

ಆಯಿ ಕುಣಿಯಿಂದ ಮೇಲೆದ್ದು ಬಂದಳು. ಬಾಗಿಲಲ್ಲಿ ನಾನು ಹೊಡೆದದ್ದು ಅವಳಿಗೆ ಆಗ ಅರ್ಥವಾಗಿರಬೇಕು. ಹರಿದ ಎಳೆಗಳಲ್ಲಿ ಒಂದನ್ನು ತೆಗೆದು ನನ್ನ ಮೂಗಿನ ಹತ್ತಿರ ತರದೆ, ನನ್ನ ಕೈಗೆ ಕೊಟ್ಟಳು.

"ನನ್ನ ಮೂಗಿಗೆ ಹಿಡಿ."

ಹಿಡಿದೆ. ಎಳೆ ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು.

"ಆಡಾಕತ್ತೈತೇನು?"

"ಹೂಂ."

"ಈಗ ನಿನ್ನದಕ್ಕ ಹಿಡಿ. ನೀನ ಹಿಡಿ."

ಹಿಡಿದೆ. ಮೊದಲು ಏನೂ ಆಗಲಿಲ್ಲ. ನಾನು ಮತ್ತೆ ಬಿಗಿಹಿಡಿದಿದ್ದೆ. ಆಯಿ ಕಾದಳು. ಆಮೇಲೆ ಅದರ ತುದಿ ಸಣ್ಣಗೆ ಅಲುಗಿತು. ಮತ್ತೊಮ್ಮೆ. ಅವ್ವನಿಗೆ ಆಡದಿದ್ದ ಎಳೆ ನನಗೆ ಆಡುತ್ತಿತ್ತು. ಆರು ತಿಂಗಳ ಅಳು ಒಟ್ಟಿಗೆ ಬಂತು. ಆಯಿಯೂ ಅತ್ತಳು. ಇಬ್ಬರೂ ಒಬ್ಬರ ಸೆರಗಿನಲ್ಲಿ ಒಬ್ಬರು ಮುಖ ಒರೆಸಿಕೊಂಡೆವು. ಲೇಡಿಲೈಕ್ ಆಗಿ ಅಳುವುದನ್ನು ಮದರ್ ಕಲಿಸಿದ್ದರು, ಆ ದಿನ ಅದು ನೆನಪಾಗಲಿಲ್ಲ.

ಎಲ್ಲ ಮುಗಿದ ಮೇಲೆ ಆಯಿ ಮೂಗು ಏರಿಸಿ ನೋಡಿದಳು. "ನನ್ನವು ಎರಡೂ ಕಟ್ಟ್ಯಾವು. ನಿನ್ನವು?"

"ಎರಡೂ."

"ಹಂಗಾರ ಇವತ್ತು ಯಾರೂ ಎಲ್ಲೂ ಹೋಗಾಂಗಿಲ್ಲ ಬಿಡು," ಎಂದು ನಕ್ಕಳು.

ನನಗೆ ಥಟ್ಟನೆ ನೆನಪಾಯಿತು. "ನೀ ಬಿಟ್ಟಿದ್ರ ಮತ್ತ ಬಸಪ್ಪಗ ಯಾಕ ಎಳಿ ಹಿಡದಿ?"

"ಅಂವಾ ಹಸದಿದ್ದ. ಬಾಯಿ ಬಿಟ್ಟು ಕೇಳಾಂವ ಅಲ್ಲ. ಉಣ್ಣು ಅಂದ್ರ ನಾಚತಾನ. ಸ್ವರಾ ಅಂದ್ರ ಕುಂದ್ರತಾನ."

ನೋಟ್‌ಬುಕ್ಕಿನಲ್ಲಿ ಬರೆದಿದ್ದ ವಿಜ್ಞಾನವನ್ನು ಆ ಸಂಜೆಯೇ ಹೊಡೆದುಹಾಕಿದೆ.

ಒಂದೇ ದಿನದಲ್ಲಿ ಎಲ್ಲ ಸರಿಹೋಯಿತೆಂದು ಬರೆದರೆ ಪಾರ್ಕಿನ ಹುಡುಗಿಗೆ ಖುಷಿಯಾದೀತು, ಆದರೆ ಸುಳ್ಳಾಗುತ್ತದೆ. ಮರುದಿನ ಐದು ಸಾಲು ಓದಿದೆ. ಅದರ ಮರುದಿನ ನಾಲ್ಕೇ. ಅಗುಳಿ ಬಿದ್ದಾಗ ರಾಟಿಯ ಮುಂದೆ ಕೂರುತ್ತಿದ್ದೆ, ಢಡಕ್‌ಗೆ ಬಿಡುತ್ತಿದ್ದೆ, ಸರ್ರ್‌ಗೆ ತೆಗೆದುಕೊಳ್ಳುತ್ತಿದ್ದೆ. ಎಂಟನೆಯ ದಿನ ಬೆಳಗಾವಿಯ ಬಸ್ಸು ಹತ್ತಿದೆ. ಲೋಕಾಪುರದ ನಾಕಾದಲ್ಲಿ ಬಸ್ಸು ನಿಲ್ಲಿಸಿ ಹುಸೇನಸಾಬ ಮತ್ತೆ ಎಡಮಗ್ಗುಲಾಗಿ ಮಲಗಿದ. ನಾನು ತಕರಾರು ಮಾಡಲಿಲ್ಲ.

ಬೆಳಗಾವಿ: ಒಂದು ಪುಟ

ಇನ್‌ಸ್ಪೆಕ್ಟ್ರೆಸ್ ಅವರ ಟೊಪ್ಪಿಗೆಯಲ್ಲಿ ಯಾವುದೋ ಹಕ್ಕಿಯ ಪುಕ್ಕವಿತ್ತು. ನಾನು ಪುಟದ ನಡುವೆ ಆಯಿಯ ಎಳೆಯನ್ನು ಇಟ್ಟುಕೊಂಡಿದ್ದೆ. ಪುಸ್ತಕವನ್ನು ಮುಖದ ಹತ್ತಿರ ಹಿಡಿದು ಓದಿದರೆ ಅದರ ತುದಿ ಅಲುಗುವುದು ಕಾಣುತ್ತಿತ್ತು. ಮೂರನೆಯ ಸಾಲಿನ ನಡುವೆ ಅದು ನಿಂತಿತು. ನಾನೂ ನಿಂತೆ. ಮದರ್ ಕಣ್ಣು ಮುಚ್ಚಿಕೊಂಡರು. ನನ್ನ ಬೆನ್ನಿನ ಕೆಳಗೆ ಎಲ್ಲೋ ನೆಲದಲ್ಲಿ ಢಡಕ್ ಎಂದಿತು, ಹಾಗೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಬಿಟ್ಟೆ. ತೆಗೆದುಕೊಂಡೆ. ಪುಟದ ತುದಿಯವರೆಗೂ ಎಳೆ ಆಡುತ್ತಲೇ ಇತ್ತು.

"ಒಂದು ಕಡೆ ಸ್ವಲ್ಪ ಲಾಂಗ್ ಪಾಜ್," ಎಂದರು ಇನ್‌ಸ್ಪೆಕ್ಟ್ರೆಸ್. "ಬಟ್ ವೆರಿ ಎಫೆಕ್ಟಿವ್. ಪುಸ್ತಕದಲ್ಲಿರುವ ಆ ದಾರ ಏನು?"

"ಬುಕ್‌ಮಾರ್ಕ್, ಮ್ಯಾಡಂ."

ಬೀಳಗಿಯ ಮೀಸೆ ಬೇರೆ ಮನೆಗೆ ಹೋಯಿತು. ಸುಖವಾಗಿತ್ತೆಂದು ಕೇಳಿದ್ದೇನೆ.

ರಬಕವಿ, ಕೊನೆಯ ಸಲ

ಸಂಸ್ಥಾನಗಳೆಲ್ಲ ವಿಲೀನವಾದ ವರ್ಷ ಆಯಿಯನ್ನು ಕೊನೆಯ ಸಲ ನೋಡಿದೆ. ಕೊನೆಯ ಸಲವೆಂದು ಗೊತ್ತಿದ್ದರೆ ಈ ಭಾಗವನ್ನು ಬೇರೆ ರೀತಿ ಬರೆಯಬಹುದಿತ್ತು.

ಆಗ ನಾನು ನಲವತ್ತು ಹುಡುಗಿಯರ ಮಿಸ್. ಎರಡು ದಿನ ರಜೆ, ಅದರಲ್ಲಿ ಅರ್ಧ ದಿನ ಆಯಿಗೆ. ಕೈಯಲ್ಲಿ ವಾಚು, ಮನಸ್ಸಿನಲ್ಲಿ ತಿದ್ದಬೇಕಾದ ಕಾಪಿಬುಕ್ಕುಗಳು. ಆಯಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಗ್ಗಕ್ಕೆ ಇಳಿಯುವುದನ್ನು ಬಿಟ್ಟು ಕಂಡಿಕೆ ಸುತ್ತುತ್ತಿದ್ದಳು. ಬೆರಳೇ ಕಣ್ಣು. ನನ್ನ ಮುಖವನ್ನೂ ಬೆರಳಿನಿಂದಲೇ ನೋಡಿದಳು. "ದಪ್ಪಗಾಗೀ. ಛಲೋ ಆತು. ಕ್ಲಾಸಿನಾಗ ಎಲ್ಲೀತನಾ ಕೇಳತೈತಿ ನಿನ್ನ ದನಿ?"

"ಗೇಟಿನ ತನಕಾ."

"ಹಂಗಾರ ಗೇಟಿನ ಹೊರಗಿನವರ ಪುಣ್ಯಾ," ಎಂದಳು.

ಊಟವಾಯಿತು. ಪದ್ಮಾಕಾಕು ಇನ್ನೂ ಇಪ್ಪತ್ತೇಳು ಉಸಿರು ನಿಲ್ಲುತ್ತಾರೆಂಬ ಸುದ್ದಿಯಾಯಿತು. ವಾಚು ನೋಡಿಕೊಂಡು ಎದ್ದೆ. ಹೊಸ್ತಿಲಲ್ಲಿ ಆಯಿ "ತಡಿ" ಎಂದು ಸೆರಗಿನಿಂದ ಒಂದು ಎಳೆ ತೆಗೆದು ನನ್ನ ಮೂಗಿನ ಕೆಳಗೆ ಹಿಡಿದಳು. ಈ ಸಲ ನಾನು ಕೈ ಹೊಡೆಯಲಿಲ್ಲ. ಆಯಿ ಬಹಳ ಹೊತ್ತು ಹಿಡಿದಳು.

"ಸ್ವರಾ ಸರಿ ಇಲ್ಲ, ಕಮಲಿ. ಸ್ವಲ್ಪ ಕುಂದ್ರು."

"ಆಯಿ, ರಾಜರೆಲ್ಲ ಹೋದ್ರು. ನಿನ್ನ ನಾಕಾ ಮಾತ್ರ ಹೋಗಲಿಲ್ಲ ನೋಡು," ಎಂದು ನಕ್ಕೆ. "ಬಸ್ಸು ನನ್ನ ಮೂಗು ಕಾಯೂದಿಲ್ಲ."

ಅವಳೂ ನಕ್ಕಳು. ಎಳೆಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಹೋಗವ್ವ, ಹೋಗು. ಬಸ್ಸು ತಪ್ಪಬಾರದು."

ಓಡಿಹೋಗಿ ಹತ್ತಿದೆ. ಮುಂದಿನ ಸೀಟಿನಲ್ಲಿ ಹುಸೇನಸಾಬ ಇರಲಿಲ್ಲ, ಯಾರೋ ಹೊಸಬ. ಹಳೆಯ ಗಡಿಯಲ್ಲಿ ಅಡ್ಡಗಂಬ ಮುರಿದು ಬಿದ್ದಿತ್ತು, ಗುಡಿಸಲಲ್ಲಿ ಎಮ್ಮೆ ಕಟ್ಟಿದ್ದರು. ಬಸ್ಸು ನಿಲ್ಲದೆ ದಾಟಿತು. ಆಗ ಅಂಗೈ ಬಿಚ್ಚಿ ಎಳೆಯನ್ನು ಮೂಗಿಗೆ ಹಿಡಿದೆ. ಬಲಗಡೆ ಚೆನ್ನಾಗಿಯೇ ಆಡುತ್ತಿತ್ತು. ಪೊರೆ ಬಂದ ಆ ಕಣ್ಣಿಗೆ ಈ ಎಳೆ ಆಡಿದ್ದಾಗಲಿ ಆಡದಿದ್ದದ್ದಾಗಲಿ ಹೇಗೆ ಕಂಡೀತೆಂದು ಆಗ ಯೋಚಿಸಿದೆ. ಸ್ವರದ ನೆವದಲ್ಲಿ ಬಸಪ್ಪನಿಗೆ ಬಡಿಸಿದ ಎರಡು ರೊಟ್ಟಿ ನೆನಪಾದವು.

ಬಸ್ಸು ಪೆಟ್ರೋಲಿನದು. ಮಹಾಲಿಂಗಪುರ ಬಂತು, ಮುಧೋಳ ಬಂತು, ಲೋಕಾಪುರವೂ ಬಂತು. ಎಲ್ಲಿಯೂ ಅದಕ್ಕೆ ಒಮ್ಮೆಯೂ ದಮ್ಮು ಹತ್ತಲಿಲ್ಲ.